ಹಾಸಿನ ಕೆಳಗಿನ ನೆಲವನ್ನು ಕೇಳುವವರಾರು?

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ಬಹುತೇಕ ಪ್ರಯಾಣಿಕರಿಗೆ ಒಂದು ಸೇತುವೆಯ ಹೆಸರು ಮಾತ್ರ. ಅಲ್ಲಿ ತುಂಗಭದ್ರೆಯನ್ನು ದಾಟಿದರೆ ಆಚೆ ದಡದಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮದಲಗಟ್ಟಿ. ನನಗಾದರೋ ಕೊರ್ಲಹಳ್ಳಿ ಎಂದರೆ ಅಕ್ಕನ ಮನೆ. ಹೋದ ವರ್ಷದ ಶ್ರಾವಣದಲ್ಲಿ ಆ ಮನೆಯ ಪಡಸಾಲೆಗೆ ಕಾಲಿಟ್ಟೊಡನೆ ಅಂಗಾಲಿನಡಿ ಏನೋ ಮೆತ್ತಗೆ ಕುಸಿದು ಮತ್ತೆ ಎದ್ದಿತು. ಅದರ ಹಿಂದಿನ ದೀಪಾವಳಿಗೆ ಹಾಸಿದ್ದ ವಿನೈಲ್ ಹಾಸು. ತೇಗದ ಹಲಗೆಯ ಚಿತ್ರವಿದ್ದ ಅದನ್ನು ಮನೆಮಂದಿಯೆಲ್ಲ ಹಿಗ್ಗಿನಿಂದ ಆರಿಸಿ ತಂದಿದ್ದರು. ಗೋಡೆಯಂಚಿನಲ್ಲಿ ಅದು ಸುಟ್ಟ ಹಪ್ಪಳದಂತೆ ಮುರುಟಿಕೊಂಡಿತ್ತು. ಕೆಳಗಿನ ಹಳೆಯ ಫರಸಿ ಕಲ್ಲುಗಳ ಸಂದುಗಳೆಲ್ಲ ತೇಗದ ಮೇಲೆ ಗೆರೆಗಳಾಗಿ ಮೂಡಿದ್ದವು. ಹೊಸದಾಗಿ ಸಿಮೆಂಟು ನೆಲ ಹಾಕಿಸಿದ್ದ ಕೋಣೆಯಲ್ಲಿ ಮೂಲೆ ಎತ್ತಿ ನೋಡಿದರೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ, ಪಾಕದಂತೆ ಜಿಗುಟಾಗಿ ಎಳೆಯೆಳೆಯಾಗಿ ಬರುವ ಅಂಟು. "ನೆಲಾ ಬೆವರಾಕತ್ತೈತಿ ತಮ್ಮಾ" ಎಂದಳು ಅಕ್ಕ. ಮುರುಟಿದ ಆ ಅಂಚಿಗೆ ಎಡವಿ ಆಕೆಯ ಅತ್ತೆ ಬಿದ್ದು ಮಣಿಕಟ್ಟು ಮುರಿದುಕೊಂಡು ಆಗಲೇ ತಿಂಗಳಾಗಿತ್ತು.

ಅಂಗಡಿಯವರು ಗೌಂಡಿಯನ್ನು ದೂರಿದರು. ಗೌಂಡಿ ಮಾಲನ್ನು ದೂರಿದ. ಇಬ್ಬರೂ ಕೂಡಿ, ನೀರು ಸುರಿದು ಒರೆಸುವ ಹೆಣ್ಣುಮಕ್ಕಳನ್ನು ದೂರಿದರು. ಹಾಸು ಬೀಳುವ ಮುನ್ನ ಆ ನೆಲ ಅದಕ್ಕೆ ಸಿದ್ಧವಾಗಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ.

ವಿನೈಲ್ ಕೆಟ್ಟ ಪದಾರ್ಥವೇನಲ್ಲ. ಗ್ರಾನೈಟಿಗಿಂತ ಅಗ್ಗ, ಚಳಿಗಾಲದಲ್ಲಿ ಕಾಲಿಗೆ ಹಿತ, ಮಂಡಿ ನೋವಿನ ಹಿರಿಯರಿಗೆ ತುಸು ಮೃದು. ಆದರೆ ಅದು ಒಂದೆರಡು ಮಿಲಿಮೀಟರ್ ದಪ್ಪದ ತೊಗಲು. ಕೆಳಗೆ ಏನಿದೆಯೋ ಅದನ್ನೇ ಮೇಲೆ ತೋರಿಸುತ್ತದೆ. ಅಷ್ಟೇ ಅಲ್ಲ, ಅದು ನೀರನ್ನು ಮೇಲಿನಿಂದ ಕೆಳಕ್ಕೂ ಬಿಡದು, ಕೆಳಗಿನಿಂದ ಮೇಲಕ್ಕೂ ಬಿಡದು. ಮಾರುವಾಗ ಹೇಳುವುದು ಮೊದಲನೆಯ ಗುಣವನ್ನು. ಎರಡನೆಯದು ಮಳೆಗಾಲದಲ್ಲಿ ತಾನಾಗಿಯೇ ತಿಳಿಯುತ್ತದೆ. ನೆಲದೊಳಗಿನಿಂದ ಏರುವ ತೇವ ಹಾಸಿನಡಿಯಲ್ಲಿ ನಿಲ್ಲುತ್ತದೆ, ಸಿಮೆಂಟಿನ ಕ್ಷಾರವನ್ನು ಹೊತ್ತು ತಂದು ಅಂಟನ್ನು ಕರಗಿಸುತ್ತದೆ.

ಮುಂಡರಗಿಯಂಥ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಕಣ ಎಷ್ಟು ಸಣ್ಣದೆಂದರೆ ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಆಳದ ತೇವವನ್ನು ಮೇಲಕ್ಕೆಳೆಯುತ್ತದೆ. ಮುಂಬೈ ಐಐಟಿಯ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರು 1970ರ ದಶಕದಲ್ಲಿ ಈ ಮಣ್ಣಿನ ಉಪದ್ರವವನ್ನು ಆಳವಾಗಿ ಅಭ್ಯಸಿಸಿದರು. ಎರೆ ಮಣ್ಣಿಗೂ ಕಾಲುವೆಯ ಕಲ್ಲುಹಾಸಿಗೂ ನಡುವೆ, ಉಬ್ಬದ ಆದರೆ ಬಿಗಿಯಾಗಿ ಕೂಡುವ ಬೇರೆ ಮಣ್ಣಿನ ಪದರವೊಂದನ್ನು ಹಾಕಬೇಕೆಂಬುದು ಅವರು ತೋರಿಸಿಕೊಟ್ಟ ಉಪಾಯ. ನಮ್ಮದೇ ಮಲಪ್ರಭಾ ಕಾಲುವೆಗಳಲ್ಲಿ ಅದು ಬಳಕೆಗೆ ಬಂತು. ಮನೆ ಕಟ್ಟುವ ನಮ್ಮ ಹಿರಿಯರೂ ಎರೆಯನ್ನು ತೋಡಿ ತೆಗೆದು, ಗರಸು ತುಂಬಿ, ಧಮ್ಮಸು ಮಾಡಿ, ಅದರ ಮೇಲೆ ನೆಲ ಮಾಡುತ್ತಿದ್ದರು. ದಪ್ಪ ಹರಳಿನ ಗರಸಿನಲ್ಲಿ ತೇವ ಸುಲಭವಾಗಿ ಏರಲಾರದು ಎಂಬುದು ಅವರಿಗೆ ಪುಸ್ತಕ ಓದಿ ತಿಳಿದದ್ದಲ್ಲ.

ಹಾಗೂ ಏರಿದ ಅಷ್ಟಿಷ್ಟು ತೇವ ಸಗಣಿ ಸಾರಿಸಿದ ಮಣ್ಣಿನ ನೆಲದಿಂದಲೋ ಫರಸಿಯ ಸಂದುಗಳಿಂದಲೋ ಗಾಳಿಗೆ ಆರಿಹೋಗುತ್ತಿತ್ತು. ಹಾಗೆಂದು ಮತ್ತೆ ಸಾರಿಸುವ ಕಾಲಕ್ಕೆ ಹೋಗೋಣವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಬಹುಪಾಲು ಗಂಡಸರು. ವಾರವಾರ ಮೊಣಕಾಲೂರಿ ಸಾರಿಸಿದವರು ಆ ಮಾತನ್ನು ಆಡುವುದಿಲ್ಲ. ಉಸಿರಾಡುವ ನೆಲದ ಮೇಲೆ ಉಸಿರಾಡದ ಹಾಸನ್ನು ಹೊದಿಸುವಾಗ ನಡುವಿನ ಲೆಕ್ಕವನ್ನು ಯಾರಾದರೂ ಮಾಡಬೇಕಲ್ಲವೇ?

ಆ ಲೆಕ್ಕ ಕಷ್ಟದ್ದೇನಲ್ಲ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಬಿಗಿದು, 24 ಗಂಟೆ ಬಿಡಬೇಕು. ಹಾಳೆಯೊಳಗೆ ಹನಿ ಕಟ್ಟಿದರೆ ಅಥವಾ ಕೆಳಗಿನ ಸಿಮೆಂಟು ಕಪ್ಪಾದರೆ ನೆಲ ಹಾಸಿಗೆ ಸಿದ್ಧವಿಲ್ಲ. ಹನಿ ಕಟ್ಟದಿದ್ದರೂ ಪೂರ್ತಿ ನಂಬುವಂತಿಲ್ಲ. ಏಪ್ರಿಲ್‌ನಲ್ಲಿ ಒಣಗಿದ ನೆಲ ಆಗಸ್ಟಿನಲ್ಲಿ ಬೇರೆ ಮಾತಾಡೀತು. ಹೊಸ ಕಾಂಕ್ರೀಟು ಒಣಗಲು ಅಂಗುಲ ದಪ್ಪಕ್ಕೆ ಸುಮಾರು ತಿಂಗಳು ಬೇಕೆಂಬುದು ಕಟ್ಟಡದವರ ಸ್ಥೂಲ ಲೆಕ್ಕ. ನಾವೋ ಗೃಹಪ್ರವೇಶದ ಮುಹೂರ್ತ ನೋಡಿ ಹಾಸುತ್ತೇವೆ. ಆ ಬಳಿಕ ಮಟ್ಟದ ಪರೀಕ್ಷೆ: 2 ಮೀಟರ್ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲೆ ಅತ್ತಿತ್ತ ಸರಿಸಿದಾಗ ಅಡಿಯಲ್ಲಿ 3 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಕಾಣಬಾರದು. ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದರೆ ಟೊಳ್ಳು ಸದ್ದು ಬರುವ ಕಡೆ ಮೇಲ್ಪದರ ಬಿಟ್ಟಿದೆಯೆಂದು ಅರ್ಥ. ಅದನ್ನು ಕೆತ್ತಿ ತೆಗೆಯಬೇಕು. ತಗ್ಗು ತುಂಬಲು ಗೋಡೆಗೆ ಬಳಿಯುವ ಪುಟ್ಟಿ ಸಾಲದು, ತೇವಕ್ಕೆ ಅದು ಹಿಟ್ಟಾಗುತ್ತದೆ. ನೆಲಕ್ಕೆಂದೇ ಮಾಡಿದ ಸಿಮೆಂಟಿನ ಗಾರೆ ಬೇಕು. ಮೇಣ ತಿಕ್ಕಿ ಹೊಳಪು ತಂದ ಕೆಂಪು ನೆಲವಾಗಿದ್ದರೆ ಉಜ್ಜಿ ಒರಟು ಮಾಡದೆ ಅಂಟು ಹಿಡಿಯದು. ಕಡೆಗೆ ಧೂಳು: ಅಂಟು ಹಿಡಿಯುವುದು ನೆಲವನ್ನೋ ಧೂಳನ್ನೋ ಎಂಬುದು ಪೊರಕೆಯ ಮೇಲೆ ನಿಂತಿದೆ.

ಇದಾವುದೂ ಹೊಸ ವಿದ್ಯೆಯಲ್ಲ. ಪಿವಿಸಿ ಹಾಸುಗಳನ್ನು ನೆಲಕ್ಕೆ ಹಾಕುವ ಕ್ರಮದ ಬಗ್ಗೆ ಭಾರತೀಯ ಮಾನಕ ಸಂಸ್ಥೆ 1969ರಲ್ಲಿಯೇ ಐಎಸ್ 5318 ಎಂಬ ಸಂಹಿತೆಯನ್ನು ಹೊರತಂದಿದೆ. ಅಡಿನೆಲದ ಸಿದ್ಧತೆ, ತೇವದ ತಡೆ ಎರಡೂ ಅದರಲ್ಲಿವೆ. ಆದರೆ ಸಂಹಿತೆ ಅಂಗಡಿಯ ಬಿಲ್ಲಿನವರೆಗೆ ನಡೆದು ಬರಲಿಲ್ಲ. ಬಿಲ್ಲಿನಲ್ಲಿರುವುದು ಚದರಡಿಗೆ ಇಷ್ಟು ಎಂಬ ಹಾಸಿನ ದರ, ಹಾಸುವ ಕೂಲಿ, ಅಷ್ಟೆ. ನೆಲ ಸಿದ್ಧಮಾಡುವ ಎರಡು ಮೂರು ದಿನದ ಕೆಲಸಕ್ಕೆ ಅಲ್ಲಿ ಸಾಲೇ ಇಲ್ಲ. ಕಾಸು ಕೊಡದ ಕೆಲಸವನ್ನು ಗೌಂಡಿ ಏಕೆ ಮಾಡಬೇಕು? ಆತನಿಗೆ ಗೊತ್ತಿಲ್ಲವೆಂದಲ್ಲ, ತಟ್ಟಿದ ಸದ್ದಿನಲ್ಲೇ ನೆಲದ ಗುಣ ಹೇಳಬಲ್ಲ ಗೌಂಡಿಗಳನ್ನು ನಾನು ಕಂಡಿದ್ದೇನೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿಯೂ ಕಥೆ ಇದೇ. ಅಲ್ಲಿ ಹಾಸಿನ ಬಣ್ಣಕ್ಕೆ ಮೂರು ಭಾನುವಾರ ಅಂಗಡಿ ಸುತ್ತುವ ನಾವು ಅಡಿನೆಲದ ಬಗ್ಗೆ ಮೂರು ನಿಮಿಷ ವಿಚಾರಿಸುವುದಿಲ್ಲ.

ಹಾಸು ಮಾರುವವರು ನೆಲದ ತೇವ ನೋಡದೆ ಅಂಟಿಸಬಾರದು, ನೋಡಿದ ಫಲಿತಾಂಶವನ್ನು ಬಿಲ್ಲಿನ ಮೇಲೆ ಬರೆದು ಕೊಡಬೇಕು. ಇದು ಅತಿಯಾದ ಬೇಡಿಕೆಯೆಂದು ನನಗನಿಸುವುದಿಲ್ಲ. ಹೊಸ ಮನೆ ಕಟ್ಟುವವರಂತೂ, ಸ್ವಂತದ್ದಾಗಲಿ ಸರ್ಕಾರಿ ವಸತಿ ಯೋಜನೆಯದಾಗಲಿ, ಗರಸಿನ ಮೇಲೆ ಕಾಂಕ್ರೀಟು ಸುರಿಯುವ ಮುನ್ನ ಒಂದು ದಪ್ಪ ಪಾಲಿಥೀನ್ ಹಾಳೆ ಹಾಸಿಸಿಕೊಳ್ಳಲಿ. ಆಮೇಲೆ ಅದನ್ನು ಹಾಕಲು ಬರುವುದಿಲ್ಲ. ಮೇಲಿನಿಂದ ಎಪಾಕ್ಸಿ ಬಳಿದು ತೇವ ತಡೆಯಬಹುದಾದರೂ ಅದರ ವೆಚ್ಚ ಹಾಸಿನ ವೆಚ್ಚವನ್ನೇ ಮೀರೀತು.

ಅಕ್ಕನ ಮನೆಯಲ್ಲಿ ಪಡಸಾಲೆಯ ಹಾಸನ್ನು ಕಿತ್ತಾಗಿದೆ. ಅಂಟು ಕೆರೆದು ಪಾಲಿಷ್ ಮಾಡಿಸಿದ ಮೇಲೆ ಹಳೆಯ ಫರಸಿ ಚೆನ್ನಾಗಿಯೇ ಕಾಣುತ್ತಿದೆ; ಸಂದುಗಳಿಗೆ ಹೊಸದಾಗಿ ಗಾರೆ ತುಂಬಿಸಿದ್ದಾರೆ. ಸಿಮೆಂಟು ಕೋಣೆಯ ಮೂಲೆಯಲ್ಲಿ ನಾನೇ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ಬಂದಿದ್ದೆ. ಈ ಮೇ ತಿಂಗಳಲ್ಲಿ ಅದು ಒಣಗಿತ್ತು. ಜುಲೈನಲ್ಲಿ ಮತ್ತೊಂದನ್ನು ಅಂಟಿಸಿ ನೋಡೆಂದೆ. ಮರುದಿನ ಬೆಳಿಗ್ಗೆ ಫೋನು ಮಾಡಿ, ಒಳಗೆಲ್ಲ ಹನಿ ಕಟ್ಟಿದೆ ಎಂದಳು. ತೇಗದ ಚಿತ್ರದ ಸುರುಳಿ ಅಟ್ಟದ ಮೇಲಿದೆ.