ಚಿತ್ರದೊಳಗೆ ಬಾರದ ಬೆಂಗಳೂರು

2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ನಮ್ಮ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ಒಪ್ಪಿಗೆ ಕೊಟ್ಟಿತು. ಕೂಟಗಲ್ ಹೋಬಳಿಯ ನಾವು ಕುಳಿತಲ್ಲೇ ಬೆಂಗಳೂರಿನವರಾದೆವು. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದಿದೆ. ನಾವು ಸೇರಿಕೊಂಡ ಈ ಊರು ತನ್ನ ಮುಖವನ್ನು ಚಿತ್ರಗಳಲ್ಲಿ ಹೇಗೆ ಬರೆಸಿಕೊಂಡಿದೆ? ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಶತಮಾನಗಳಿಂದ ಬೆಂಗಳೂರನ್ನು ಬರೆದ ಕುಂಚಗಳಲ್ಲಿ ಬಹುಪಾಲು ಕೋಟೆಗೆ, ಕಟ್ಟಡಕ್ಕೆ, ಹೂಮರಕ್ಕೆ ಒಲಿದಿವೆ. ಊರನ್ನು ಹೊತ್ತ ಜನರಿಗೆ ಬೆನ್ನು ತಿರುಗಿಸಿವೆ.

ಆರಂಭವೇ ಹಾಗಿತ್ತು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರ 1794ರಲ್ಲಿ ಮೈಸೂರು ಸೀಮೆಯ ನೋಟಗಳ ಪುಸ್ತಕವನ್ನು ಹೊರತಂದ. ಅದರಲ್ಲಿ ಬೆಂಗಳೂರೂ ಇದೆ, ನಮ್ಮ ಸಾವನದುರ್ಗವೂ ಇದೆ. ಎರಡೂ ಅವನ ಪಾಲಿಗೆ ಗೆದ್ದ ಸ್ಥಳಗಳು. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯ ಬಾಗಿಲನ್ನು ಒಡೆಯುವಾಗ ಸತ್ತ ಕರ್ನಲ್ ಮೂರ್‌ಹೌಸನ ಕೊನೆಯ ಗಳಿಗೆಯನ್ನೂ ಹೋಮ್ ಬರೆದ. ಆ ದಿನ ಪೇಟೆಯಲ್ಲಿ ಸತ್ತ ನಮ್ಮವರ ಲೆಕ್ಕವನ್ನು ಆ ಚಿತ್ರ ಕೇಳುವುದಿಲ್ಲ. ಪರದೇಶದ ಸೇನೆಯ ಹಿಂದೆ ಬಂದವನಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದೂ ತರವಲ್ಲ.

ನನ್ನ ತಕರಾರು ನಮ್ಮವರೊಡನೆ. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ಸೀಮೆಯವರು. 1956ರಲ್ಲಿ ಮುಗಿದ ಆ ಸೌಧಕ್ಕೆ ಸಾವಿರಾರು ಕೂಲಿಗಳೂ ಕಲ್ಲುಕುಟಿಗರೂ ಬಡಗಿಗಳೂ ದುಡಿದರು; ಅವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. 2003ರಿಂದ ಚಿತ್ರಕಲಾ ಪರಿಷತ್ತು ನಡೆಸುತ್ತ ಬಂದಿರುವ ಚಿತ್ರಸಂತೆಗೆ ನಾನು ಹಲವು ಬಾರಿ ಹೋಗಿದ್ದೇನೆ. ಕುಮಾರಕೃಪಾ ರಸ್ತೆಯ ಉದ್ದಕ್ಕೂ ವಿಧಾನಸೌಧವನ್ನು ನೀರುಬಣ್ಣದಲ್ಲಿ, ತೈಲವರ್ಣದಲ್ಲಿ, ಮಳೆಯಲ್ಲಿ, ಮುಸ್ಸಂಜೆಯಲ್ಲಿ ಕಂಡಿದ್ದೇನೆ. ಉಳಿ ಹಿಡಿದ ಒಂದು ಕೈಯನ್ನು ಮಾತ್ರ ಕಾಣಲಿಲ್ಲ.

ರುಮಾಲೆ ಚೆನ್ನಬಸವಯ್ಯನವರ ವಿಷಯದಲ್ಲಿ ನನಗೆ ಅಪಾರ ಗೌರವವಿದೆ. ಸ್ವಾತಂತ್ರ್ಯ ಹೋರಾಟಗಾರರೂ ‘ತಾಯಿನಾಡು’ ಪತ್ರಿಕೆಯ ಸಂಪಾದಕರೂ ಆಗಿದ್ದ ಅವರು ಬೆಂಗಳೂರಿನ ಹೂಮರಗಳನ್ನು ಬರೆದ ಹಾಗೆ ಇನ್ನಾರೂ ಬರೆದಿಲ್ಲ. ಕಡಿದು ಹೋದ ಮರಗಳಿಗೆ ಇಂದು ಆ ಚಿತ್ರಗಳೇ ಸಾಕ್ಷಿ. ಪಾಲ್ ಫರ್ನಾಂಡಿಸ್ ಅವರೂ 1960-70ರ ದಶಕಗಳ ಕಂಟೋನ್ಮೆಂಟನ್ನು ನಗು ಉಕ್ಕುವಂತೆ ಉಳಿಸಿಕೊಟ್ಟಿದ್ದಾರೆ. ಆದರೆ ಇವರು ತಮಗೆ ಪ್ರಿಯವಾದ ಒಂದೊಂದು ಬೆಂಗಳೂರನ್ನು ಬರೆದರು. ಅವರ ಹಿಂದೆ ಬಂದವರು ಅದನ್ನೇ ಇಡೀ ಬೆಂಗಳೂರೆಂದು ನಕಲು ಮಾಡುತ್ತ ಕುಳಿತರು. ತರಗುಪೇಟೆಯ ಹಮಾಲಿ, ಕಬ್ಬನ್‌ಪೇಟೆಯ ಮಗ್ಗ, ಆ ಮಗ್ಗಕ್ಕಾಗಿ ರಾಮನಗರದ ಮಾರುಕಟ್ಟೆಗೆ ಗೂಡು ಹೊತ್ತು ತರುವ ರೈತ, ಇವರ ಪಾಲಿಗೆ ಯಾವ ಚೌಕಟ್ಟು ಸಿಕ್ಕಿತು?

ನಗರದ ಅತ್ಯಂತ ಪ್ರಾಮಾಣಿಕ ಚಿತ್ರ ನನ್ನ ಮಟ್ಟಿಗೆ ಬಿಡದಿಯ ಬಳಿಯ ಬೈರಮಂಗಲ ಕೆರೆಯಲ್ಲಿದೆ. ಬೆಂಗಳೂರಿನ ಕೊಳಚೆಯ ಒಂದು ಪಾಲು ವೃಷಭಾವತಿಯಾಗಿ ಹರಿದು, ನೊರೆಯೆದ್ದು, ಅಲ್ಲಿಗೆ ಬರುತ್ತದೆ. ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಆ ನೊರೆಯೂ ಬೆಂಗಳೂರೇ. ಅದನ್ನು ಗೋಡೆಗೆ ತೂಗುಹಾಕಲು ಯಾರೂ ಕೊಳ್ಳುವುದಿಲ್ಲವೆಂಬುದು ನನಗೂ ಗೊತ್ತು.

“ಮೇಷ್ಟ್ರೇ, ಕಲಾವಿದನಿಗೆ ಇಷ್ಟವಾದದ್ದನ್ನು ಬರೆಯುವ ಸ್ವಾತಂತ್ರ್ಯವಿಲ್ಲವೇ? ಅವನೂ ಹೊಟ್ಟೆ ಹೊರೆಯಬೇಡವೇ?” ಎಂದು ಕೆಲವರು ಕೇಳಿಯಾರು. ಖಂಡಿತ ಸ್ವಾತಂತ್ರ್ಯವಿದೆ. ಆದರೆ ಚಿತ್ರ ನೋಡುವವನ ಕಣ್ಣನ್ನು ತಿದ್ದುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಕಂಡವನು. ‘ನಿಮ್ಮೂರನ್ನು ಬರೆಯಿರಿ’ ಎಂದರೆ, ಕಿಟಕಿಯಾಚೆ ಹೆಬ್ಬಂಡೆಗಳ ಬೆಟ್ಟವೇ ನಿಂತಿದ್ದರೂ ನಮ್ಮ ಮಕ್ಕಳು ಎರಡು ತ್ರಿಕೋನ ಗೀಚಿ, ನಡುವೆ ಸೂರ್ಯನನ್ನು ಕೂರಿಸುತ್ತಿದ್ದರು. ಅವರು ಕಂಡಿದ್ದ ಚಿತ್ರಗಳಲ್ಲಿ ಬೆಟ್ಟವೆಂದರೆ ಅಷ್ಟೇ. ದೊಡ್ಡವರೂ ಹಾಗೆಯೇ. ಚಿತ್ರದಲ್ಲಿ ಕಾಣದ್ದನ್ನು ನಕ್ಷೆಯಲ್ಲಿ ಅಳಿಸುವುದು ಸುಲಭ. ಬಿಡದಿಯ ಉಪನಗರ ಯೋಜನೆಯ ಭೂಸ್ವಾಧೀನದ ವಿರುದ್ಧ 2025ರಲ್ಲಿ ಅಲ್ಲಿನ ರೈತರು ಹೋರಾಟಕ್ಕಿಳಿದಾಗ, ಆ ತೆಂಗಿನ ತೋಟ, ಹಿಪ್ಪುನೇರಳೆ ಹೊಲ, ದನದ ಕೊಟ್ಟಿಗೆಗಳು ನಗರದ ಎಷ್ಟು ಮಂದಿಯ ಕಣ್ಣಮುಂದೆ ಬಂದವು? ಬರಿಯ ‘ಎಕರೆ’ ಎಂದು ಕೇಳಿದವರಿಗೆ ಎಕರೆಯೇ ಕಾಣುತ್ತದೆ.

ಕುಂಚಕ್ಕೆ ಶಕ್ತಿಯಿಲ್ಲವೆಂದು ಹೇಳಬೇಡಿ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಅವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಕೆರೆಯ ಬಣ್ಣ ಬಳಿದು, ಅದರಲ್ಲಿ ಮೊಸಳೆಯೊಂದನ್ನು ಮಲಗಿಸಿದರು. ದಿನವೂ ಆ ಗುಂಡಿಯನ್ನು ಬಳಸಿ ಹೋಗುತ್ತಿದ್ದ ಊರು ಅಂದು ನಿಂತು ನೋಡಿತು. ಪಾಲಿಕೆಯೂ ಓಡಿಬಂದು ಗುಂಡಿ ಮುಚ್ಚಿತು. ಅದೂ ಬಡಾವಣೆಯ ಚಿತ್ರಣವೇ, ಮತ್ತು ನನ್ನ ಎಣಿಕೆಯಲ್ಲಿ ನೂರು ವಿಧಾನಸೌಧಗಳಿಗೆ ಸಮ.

ಚಿತ್ರಕಾರ ಮಿತ್ರರೇ, ಮೈಸೂರು ರಸ್ತೆಯಲ್ಲಿ ಐವತ್ತು ಕಿಲೋಮೀಟರಿನಷ್ಟು ದೂರ ಬನ್ನಿ. ಬೆಟ್ಟವನ್ನಷ್ಟೇ ಬರೆದು ಹೋಗಬೇಡಿ. ‘ಶೋಲೆ’ಯ ಕ್ಯಾಮೆರಾ 1970ರ ದಶಕದಲ್ಲೇ ಆ ಕೆಲಸ ಮಾಡಿ ಮುಗಿಸಿದೆ. ಬೆಟ್ಟದ ಕೆಳಗೆ ಸೊಪ್ಪು ಕೊಯ್ಯುವವಳನ್ನು ಬರೆಯಿರಿ, ಅವಳಿಗೊಂದು ಮುಖ ಕೊಡಿ. ಸರ್ಕಾರ ನಮಗೆ ಬೆಂಗಳೂರೆಂಬ ಹೆಸರು ಕೊಟ್ಟಿದೆ. ಆ ಹೆಸರಿನ ಚಿತ್ರದಲ್ಲಿ ನಮಗೂ ಜಾಗ ಕೇಳುವುದು ನ್ಯಾಯವೇ ಆಗಿದೆ.