ಪಾರ್ಕ್ ಉದ್ಘಾಟನೆ ಒಂದು ದಿನ, ನಿರ್ವಹಣೆ ವರ್ಷವಿಡೀ



ಹೊಸ ಪಾರ್ಕ್ ಉದ್ಘಾಟನೆ ಅಂದ್ರೆ ನಮ್ಮ ಊರುಗಳಲ್ಲಿ ದೊಡ್ಡ ಸಂಭ್ರಮ. ರಿಬ್ಬನ್ ಕತ್ತರಿಸ್ತಾರೆ, ಹೆಸರಿನ ಕಲ್ಲು ನಿಲ್ಲಿಸ್ತಾರೆ, ಫೋಟೋ ತೆಗೆಸ್ಕೊಳ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಅದೇ ಪಾರ್ಕಿಗೆ ಹೋಗಿ ನೋಡಿ. ಹೂವಿನ ಪಾತಿಯಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದಿರುತ್ತೆ. ವಾಲಿಬಾಲ್ ಅಂಕಣದಲ್ಲಿ ಬೈಕುಗಳು ನಿಂತಿರುತ್ತವೆ. ನೆಟ್ ಕಟ್ಟಬೇಕಾದ ಕಂಬಕ್ಕೆ ಯಾವುದೋ ಅಭಿನಂದನೆಯ ಫ್ಲೆಕ್ಸ್! ಹೆಸರಿನ ಕಲ್ಲು ಮಾತ್ರ ಗಟ್ಟಿಯಾಗಿರುತ್ತೆ.

ಇದಕ್ಕೆಲ್ಲ ದುಡ್ಡಿಲ್ಲದ್ದೇ ಕಾರಣ ಅನ್ನೋ ಮಾತು ಪೂರ್ತಿ ನಿಜವಲ್ಲ. 2015ರಲ್ಲಿ ಕೇಂದ್ರದ ಅಮೃತ್ ಯೋಜನೆ 500 ನಗರಗಳಿಗೆ ಬಂತು. ಸೊಲ್ಲಾಪುರ, ಹೊಸೂರು, ಆದೋನಿ ಮೂರೂ ಆ ಪಟ್ಟಿಯಲ್ಲಿದ್ದವು. ಕುಡಿಯುವ ನೀರು, ಒಳಚರಂಡಿಯ ಜೊತೆ ಪಾರ್ಕುಗಳಿಗೂ ಅದರಲ್ಲಿ ಪಾಲಿತ್ತು. ವರ್ಷಕ್ಕೆ ಒಂದಾದರೂ ಮಕ್ಕಳ ಪಾರ್ಕ್ ಮಾಡಿ, ಪಾರ್ಕು-ಮೈದಾನಗಳ ನಿರ್ವಹಣೆಗೆ ಜನರನ್ನೂ ಸೇರಿಸಿಕೊಂಡು ಒಂದು ವ್ಯವಸ್ಥೆ ಕಟ್ಟಿ ಎಂದು ಯೋಜನೆಯೇ ಹೇಳಿತ್ತು. ಪಾರ್ಕ್ ಕಟ್ಟುವುದು ಕಣ್ಣಿಗೆ ಕಾಣುವ ಕೆಲಸ. ಕಳೆ ಕೀಳುವುದಕ್ಕೆ ಯಾರೂ ಹಾರ ಹಾಕಲ್ಲ. ಸಮಸ್ಯೆ ಇರುವುದೇ ಅಲ್ಲಿ.

ಪಾತಿ ಅಂದ್ರೆ ಗಿಡ ನೆಟ್ಟು ಕೈತೊಳೆದುಕೊಳ್ಳುವುದಲ್ಲ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಬೇರುಸಮೇತ ಕೀಳಬೇಕು, ಅದೂ ಕೈಗವಸು ಹಾಕ್ಕೊಂಡು. ಹೂ ಬಿಟ್ಟ ಮೇಲೆ ಕಿತ್ತರೆ ಬೀಜ ನಾವೇ ಹರಡಿದ ಹಾಗೆ. ಉದುರಿದ ಎಲೆಯನ್ನು ಗಿಡದ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ನೀರು ಉಳಿಯುತ್ತೆ, ಕಳೆಯೂ ಕಡಿಮೆ. ಆದರೆ ಬಹಳ ಕಡೆ ಆ ಎಲೆಗೆ ಬೆಂಕಿ ಹಚ್ಚುತ್ತಾರೆ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಪಾರ್ಕಿನ ಕಸವನ್ನು ಆದಷ್ಟು ಪಾರ್ಕಿನಲ್ಲೇ ಗೊಬ್ಬರ ಮಾಡಿ ಎಂದು ಅದೇ ವರ್ಷದ ಘನತ್ಯಾಜ್ಯ ನಿಯಮವೂ ಹೇಳಿತು.

ಅಂಕಣದ ಕಥೆಯೂ ಇದೇ. ಮಣ್ಣಿನ ಅಂಕಣಕ್ಕೆ ನೀರು ಚಿಮುಕಿಸಿ ರೋಲರ್ ಎಳೆಯಬೇಕು. ಮಳೆ ನಿಂತ ಕೂಡಲೇ ಗುಂಡಿ ಮುಚ್ಚಬೇಕು, ಸುಣ್ಣದ ಗೆರೆ ಮತ್ತೆ ಹಾಕಬೇಕು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಗೆರೆಯಾಚೆ ಸುತ್ತಲೂ ಕನಿಷ್ಠ 3 ಮೀಟರ್ ಖಾಲಿ ಜಾಗ ಬಿಡಬೇಕು ಅನ್ನುತ್ತೆ ನಿಯಮ. ಆ ಜಾಗದಲ್ಲೇ ಇಟ್ಟಿಗೆ ಕಟ್ಟಿ ಪಾತಿ ಮಾಡಿದರೆ ಗಿಡವೂ ಉಳಿಯಲ್ಲ, ಆಡುವವರ ಮೊಣಕಾಲೂ ಉಳಿಯಲ್ಲ. ಪಾತಿಯ ಮಣ್ಣು ಅಂಕಣಕ್ಕಿಂತ ತಗ್ಗಿನಲ್ಲಿರಬೇಕು. ಇಲ್ಲದಿದ್ದರೆ ಹಾಕಿದ ನೀರೆಲ್ಲ ಅಂಕಣಕ್ಕೆ ಹರಿದು ಕೆಸರಾಗುತ್ತೆ. ಇಂಥ ಸಣ್ಣ ವಿಷಯಗಳನ್ನು ಗುತ್ತಿಗೆದಾರರ ನಕ್ಷೆ ನೋಡುವಾಗಲೇ ಕೇಳಬೇಕು.

ಅಂಕಣ ಹಾಳಾದರೆ ನಷ್ಟ ಯಾರಿಗೆ? ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಟರ್ಫ್‌ನಲ್ಲಿ ಆಡುವವರಿಗಂತೂ ಅಲ್ಲ. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ, ಮಗ್ಗ ನಡೆಸುವ ಮನೆಗಳ ಮಕ್ಕಳಿಗೆ, ಹೊಸೂರಿನಲ್ಲಿ ಕಾರ್ಖಾನೆ ಶಿಫ್ಟ್ ಮುಗಿಸಿ ಬರುವ ಹುಡುಗರಿಗೆ ಪುಕ್ಕಟೆ ಆಡೋ ಜಾಗ ಇನ್ನೆಲ್ಲಿದೆ? ಪೊದೆ ಬೆಳೆದು ದೀಪ ಕೆಟ್ಟ ಪಾರ್ಕಿಗೆ ಮೊದಲು ಬರೋದು ಬಿಡುವವರು ಹೆಣ್ಣುಮಕ್ಕಳು. ಆಮೇಲೆ ಹಿರಿಯರು. ಕೊನೆಗೆ ಉಳಿಯೋದು ಬಾಟಲಿಗಳು.

ಪಾರ್ಕು, ಉದ್ಯಾನ, ಆಟದ ಮೈದಾನಗಳನ್ನು ಸಂವಿಧಾನದ 12ನೇ ಅನುಸೂಚಿ ನಗರಸಭೆ-ಪಾಲಿಕೆಗಳ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗಾಗಿ ನಾವು ಕೇಳೋದು ಭಿಕ್ಷೆ ಅಲ್ಲ. ಮೂರು ವಿಷಯ ಕೇಳೋಣ. ಪ್ರತಿ ಪಾರ್ಕಿನ ವಾರ್ಷಿಕ ನಿರ್ವಹಣೆಗೆ ಬಜೆಟ್‌ನಲ್ಲಿ ಬೇರೆಯೇ ಹಣ ಇಡಲಿ. ತಿಂಗಳು ತಿಂಗಳು ಸರಿಯಾಗಿ ಸಂಬಳ ಸಿಗುವ ಮಾಲಿಯನ್ನು ನೇಮಿಸಿ, ನೀರು-ಸಲಕರಣೆ ಕೊಡಲಿ. ಯಾರ ಹೊಣೆ, ಎಷ್ಟು ಖರ್ಚು, ಯಾವಾಗ ಕೆಲಸ ಅನ್ನೋದನ್ನು ಗೇಟಿನ ಬಳಿ ಬೋರ್ಡಿನಲ್ಲಿ ಬರೆಯಲಿ.

ಭಾನುವಾರ ಒಂದು ಗಂಟೆ ಶ್ರಮದಾನಕ್ಕೆ ಹುಡುಗರು ಸಿದ್ಧರಿದ್ದರೆ ಬಹಳ ಒಳ್ಳೇದು. ಆದರೆ ಅದನ್ನೇ ನೆಪ ಮಾಡ್ಕೊಂಡು ಮಾಲಿಯ ಕೆಲಸ ಕಿತ್ತುಕೊಳ್ಳೋದು ಬೇಡ.

ಅರ್ಜಿ ಬರೆಯೋಕೆ ಅಲ್ಲಿನ ಭಾಷೆ ಬರಲ್ಲ ಅಂತ ಹಿಂಜರಿಯಬೇಡಿ. ಕುಂದುಕೊರತೆಯ ಮನವಿಯನ್ನು ಕನ್ನಡದಲ್ಲೇ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಬೇಕು. ಇದು ನೆನಪಿರಲಿ.

ಪಾರ್ಕಿಗೆ ಬರುವ ಮರಾಠಿ, ತಮಿಳು, ತೆಲುಗು ನೆರೆಹೊರೆಯವರ ಸಹಿಯನ್ನೂ ಹಾಕಿಸಿ. ಅದು ಅವರ ಮಕ್ಕಳು ಆಡುವ ಅಂಕಣವೂ ಹೌದು. ಈ ವಾರವೇ ನಿಮ್ಮ ವಾರ್ಡಿನ ಪಾರ್ಕಿಗೆ ಹೋಗಿ, ಪಾತಿಯದ್ದೊಂದು, ಅಂಕಣದ್ದೊಂದು ಫೋಟೋ ತೆಗೆದು ಮನವಿಯ ಜೊತೆ ಕೊಡಿ. ಸ್ವೀಕೃತಿ ಪಡೆಯೋದು ಮರೀಬೇಡಿ.