ಬಿಟ್ಟಿ ತಿಂದವರು ಯಾರು?

ಮೆಲ್ಕಾರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ಎದುರು ಬೆಂಚಿನಲ್ಲಿ ಬ್ಯಾಂಕಿನಿಂದ ರಿಟೈರಾದ ನಮ್ಮೂರಿನ ಹಿರಿಯರೊಬ್ಬರು. ಕೆಟ್ಟವರಲ್ಲ. ನಾನು ಬಿ.ಎ. ಓದುವಾಗ ಪುಸ್ತಕ ಕೊಟ್ಟವರು. ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಭಾಷಣಗಳನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಇವರಿಗೆ ರಿಪಬ್ಲಿಕನ್ ಪಕ್ಷದ ವಾದವೆಲ್ಲ ಬಾಯಿಪಾಠ.

"ನೋಡು ಮಾರಾಯ, ಸರ್ಕಾರವೇ ಸಮಸ್ಯೆ ಅಂತ ರೇಗನ್ 1981ರಲ್ಲೇ ಹೇಳಿದ್ದಾರೆ. ಟ್ರಂಪ್ 2025ರಲ್ಲಿ ಕಾನೂನೇ ತಂದ್ರು. ದುಡಿಯುವ ವಯಸ್ಸಿನವ ದುಡಿಯದಿದ್ರೆ ಆಸ್ಪತ್ರೆ ಖರ್ಚೂ ಇಲ್ಲ, ಊಟದ ದುಡ್ಡೂ ಇಲ್ಲ. ಇಲ್ಲಿ ಎಂತ ಉಂಟು? ಬಸ್ಸು ಬಿಟ್ಟಿ, ಕರೆಂಟು ಬಿಟ್ಟಿ, ಹೆಂಗಸರಿಗೆ ಎರಡು ಸಾವಿರ ಬಿಟ್ಟಿ. ದೇಶ ಉದ್ಧಾರ ಆಗ್ತದಾ?"

ನನಗೆ ಮಾತು ಬರಲಿಲ್ಲ. ಚಾದ ದುಡ್ಡನ್ನೂ ಅವರೇ ಕೊಟ್ಟರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಂಧುಗಳೇ, ಈ 'ಬಿಟ್ಟಿ' ಎನ್ನುವ ಮಾತು ಎಲ್ಲಿಂದ ಬಂತು? ಸಂಸ್ಕೃತದ 'ವಿಷ್ಟಿ' ಕನ್ನಡದ ಬಾಯಲ್ಲಿ ಬಿಟ್ಟಿಯಾಯಿತು. ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ ಎಂದು ಅದರ ಅರ್ಥ. ಬಿಟ್ಟಿ ಮಾಡಿದವರು ನಾವು, ಮಾಡಿಸಿಕೊಂಡವರು ಅವರು. ಈ ಜಿಲ್ಲೆಯಲ್ಲಿ ಮೂಲದಾಳು ಎನ್ನುತ್ತಿದ್ದರು. ಭೂಮಿ ಕೈ ಬದಲಾದರೆ ಎತ್ತು ನೊಗದ ಹಾಗೆ ಆಳೂ ಹೊಸ ಧಣಿಯ ಕೈಗೆ. ನನ್ನ ಅಜ್ಜನ ಅಪ್ಪ ಅಂಥವನು. ಜೀತ ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ, ಸ್ವಾತಂತ್ರ್ಯ ಬಂದು 29 ವರ್ಷವಾದ ಮೇಲೆ. ಈಗ ಅದೇ ಮಾತನ್ನು ತಿರುಗಿಸಿ ನಮ್ಮ ಹಣೆಗೆ ಅಂಟಿಸಿದ್ದಾರೆ.

ಅಮೆರಿಕದ ಕತೆಯೂ ಬೇರೆಯಲ್ಲ. ರಾಜಧಾನಿ ವಾಷಿಂಗ್ಟನ್ನಿನಲ್ಲಿ 1862ರ ಏಪ್ರಿಲಿನಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದರು. ಸರ್ಕಾರದ ಬೊಕ್ಕಸದಿಂದ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟರು. ಯಾರಿಗೆ? ಗುಲಾಮರ ಒಡೆಯರಿಗೆ! ಗುಲಾಮನಿಗೆ? ದೇಶ ಬಿಟ್ಟು ಹೋಗುವುದಾದರೆ 100 ಡಾಲರ್‌ವರೆಗೆ. ದುಡಿದ ವರ್ಷಗಳ ಕೂಲಿ ಸೊನ್ನೆ. ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಕಾನೂನು ಮಾಡಿ, ಪಶ್ಚಿಮಕ್ಕೆ ಹೋಗಿ ಉಳುವವನಿಗೆ 160 ಎಕರೆ ಕೊಟ್ಟರು. ಅದು ಇಂಡಿಯನ್ನರಿಂದ ಕಿತ್ತ ನೆಲ. ಪೌರನಾಗಬಹುದಾದವನಿಗೆ ಮಾತ್ರ ಎಂದು ಷರತ್ತು, ಕರಿಯರನ್ನು ಆಗ ಪೌರರೆಂದೇ ಒಪ್ಪಿರಲಿಲ್ಲ. 1865ರಲ್ಲಿ ಸೇನಾಧಿಕಾರಿ ಷರ್ಮನ್, ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಕೊಡಬೇಕೆಂದು ಆದೇಶ ಹೊರಡಿಸಿದ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಅದನ್ನು ಹಳೆ ಒಡೆಯರಿಗೇ ಹಿಂದಿರುಗಿಸಿದ. 1935ರ ಸಾಮಾಜಿಕ ಭದ್ರತೆ ಕಾಯಿದೆ ಬಂದಾಗ ಹೊಲದ ಕೂಲಿಗಳು, ಮನೆಗೆಲಸದವರು ಹೊರಗೆ. ದಕ್ಷಿಣದ ಕರಿಯರಲ್ಲಿ ಹೆಚ್ಚಿನವರ ಕೆಲಸ ಅವೇ ಎರಡು.

ಇಷ್ಟೆಲ್ಲ ಆದ ಮೇಲೆ 1976ರ ಚುನಾವಣೆಯಲ್ಲಿ ರೇಗನ್ ಊರೂರು ತಿರುಗಿ ಷಿಕಾಗೋದ ಒಬ್ಬ ಹೆಂಗಸಿನ ಕತೆ ಹೇಳಿದ. ಅವಳಿಗೆ 80 ಹೆಸರಂತೆ, ಸರ್ಕಾರಿ ದುಡ್ಡಿನಲ್ಲಿ ಮಜಾ ಮಾಡುತ್ತಾಳಂತೆ. ಅವಳ ಮೇಲೆ ಕೋರ್ಟಿನಲ್ಲಿ ಹೊರಿಸಿದ್ದ ಆರೋಪ ನಾಲ್ಕು ಹೆಸರು, ಸುಮಾರು 8,000 ಡಾಲರ್. ಆದರೆ ಕತೆ ಉಳಿಯಿತು. ಅದೇ ರೇಗನ್ ಅಧ್ಯಕ್ಷನಾಗಿ ದೊಡ್ಡ ಶ್ರೀಮಂತರ ಮೇಲಿನ ತೆರಿಗೆಯನ್ನು 70ರಿಂದ 28 ಪರ್ಸೆಂಟಿಗೆ ಇಳಿಸಿದ. ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ. ನಮ್ಮಲ್ಲೂ 2019ರ ಸೆಪ್ಟೆಂಬರಿನಲ್ಲಿ ಕಂಪೆನಿಗಳ ತೆರಿಗೆಯನ್ನು 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಟ್ಟಂತೆ ಎಂದು ಹಣಕಾಸು ಮಂತ್ರಿಗಳೇ ಹೇಳಿದರು. ಅದರ ಹೆಸರು 'ಪ್ರೋತ್ಸಾಹ'!

ಬಂಟ್ವಾಳಕ್ಕೆ ಬನ್ನಿ. 1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯನಾದ. ಡಿಕ್ಲರೇಷನ್ ಹಾಕಿದ ಗೇಣಿದಾರರಿಗೆ ಭೂಮಿ ಸಿಕ್ಕಿತು. ಅರಸು ಮಾಡಿದ ದೊಡ್ಡ ಕೆಲಸ ಅದು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮವರ ಹೆಸರಲ್ಲಿ ಗೇಣಿ ಚೀಟಿ ಎಲ್ಲಿತ್ತು? ಆಳಿಗೆ ಯಾರು ಗೇಣಿ ಕೊಡುತ್ತಾರೆ? ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನು ನಿಜವಾಗಿ ಉಳುವವನು, ಕಾಗದದಲ್ಲಿ ಮಾತ್ರ ಅಲ್ಲ. ಕೂಲಿಯವರಿಗೆ ಬಿಡಾರ ಇದ್ದ ನಾಲ್ಕು ಸೆಂಟ್ಸ್ ಜಾಗ ಸಿಕ್ಕಿದರೆ ಪುಣ್ಯ. 1935ರ ಅಮೆರಿಕ, 1974ರ ದಕ್ಷಿಣ ಕನ್ನಡ: ಬಾಗಿಲು ಒಂದೇ ಅಳತೆಯದ್ದು.

ಇನ್ನೂ ಒಂದು ಉಂಟು, ಕುಮ್ಕಿ. ಹಳೆ ವರ್ಗದ ಜಮೀನಿನ ಸುತ್ತ ನೂರು ಗಜದ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಹಕ್ಕು ಜಮೀನುದಾರನದ್ದು. ಕಂದಾಯ ಇಲ್ಲ. ಮದ್ರಾಸ್ ಸರ್ಕಾರದ ಕಾಲದಿಂದ ಬಂದು, 1964ರ ಭೂಕಂದಾಯ ಕಾಯಿದೆಯಲ್ಲೂ ಉಳಿದ ಸವಲತ್ತು. ಸೊಪ್ಪು ತೆಗೆಯಲಿಕ್ಕೆ ಕೊಟ್ಟ ಜಾಗದಲ್ಲಿ ಎಷ್ಟು ಕಡೆ ಅಡಿಕೆ, ರಬ್ಬರು ಬೆಳೆದಿದೆ, ಕಣ್ಣಿದ್ದವರು ನೋಡಬಹುದು. ಸರ್ಕಾರ ದೂರ ನಿಲ್ಲಲಿ ಎನ್ನುವವರು ನಿಂತಿರುವುದು ಸರ್ಕಾರದ ಜಾಗದಲ್ಲೇ. ಅದೇ ಬ್ರಿಟಿಷರ ಕಾಲದಲ್ಲಿ ನಮಗೆಂದು ತೆಗೆದಿಟ್ಟದ್ದು ಡಿ.ಸಿ. ಮನ್ನಾ ಜಾಗ. ಡಿ.ಸಿ. ಎಂದರೆ ಜಿಲ್ಲಾಧಿಕಾರಿಯಲ್ಲ, ಡಿಪ್ರೆಸ್ಡ್ ಕ್ಲಾಸ್, ಅಂದರೆ ನಾವು. ಕುಮ್ಕಿ ಸವಲತ್ತು ಕಾಯಿದೆಯಲ್ಲಿ ಉಳಿಯಿತು. ಡಿ.ಸಿ. ಮನ್ನಾ ಎಲ್ಲಿ ಹೋಯಿತೆಂದು ನಮ್ಮ ಸಂಘಟನೆಗಳು ಇನ್ನೂ ಕೇಳುತ್ತಲೇ ಇವೆ.

ಒಂದು ಮಾತು ಒಪ್ಪಬೇಕು. ಹಿರಿಯರ ಮಾತಿನಲ್ಲಿ ಅರ್ಧ ನಿಜ ಉಂಟು. ಕೈಯೊಡ್ಡಿ ತೆಗೆದುಕೊಂಡವನ ತಲೆ ಬಗ್ಗುತ್ತದೆ. ನನ್ನ ಅಮ್ಮ ಗೃಹಲಕ್ಷ್ಮಿ ದುಡ್ಡು ಬಂದ ದಿನ ಬೀಡಿಯ ಗೆರಸೆ ಮಡಿಲಲ್ಲಿಟ್ಟುಕೊಂಡೇ ಹೇಳಿದಳು: "ದುಡಿಯದೆ ತಿಂದ ಹಾಗೆ ಆಯ್ತಲ್ಲ ಮಗಾ." ಹನ್ನೆರಡನೆಯ ವಯಸ್ಸಿಗೆ ಬೀಡಿ ಕಟ್ಟಲು ಕೂತವಳು ಅವಳು! ಹೋಟೆಲಿನ ಮಾತಿಗಿಂತ ಅಮ್ಮನ ಈ ಮಾತು ನನಗೆ ಹೆಚ್ಚು ಚುಚ್ಚಿತು. ಅಮೆರಿಕದ ಭಾಷಣ ಕೇಳದವಳ ಬಾಯಲ್ಲೂ ಅದೇ ವಾದ ಕೂತಿದೆ. (ಬಸ್ಸಿನ ವಿಷಯದಲ್ಲಿ ಅವಳಿಗೆ ನಾಚಿಕೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚು ಪ್ರೈವೇಟ್ ಬಸ್ಸು, ದುಡ್ಡು ಕೊಟ್ಟೇ ಹೋಗುತ್ತಾಳೆ.)

ನಾವೂ ತಪ್ಪಿದ್ದೇವೆ. ಎರಡು ಸಾವಿರ ಯಾವ ತಾರೀಕಿಗೆ ಬರುತ್ತದೆಂದು ಕೇಳುವಷ್ಟು ಜೋರಾಗಿ ನೆಲ ಎಲ್ಲಿ ಎಂದು ಕೇಳುತ್ತಿಲ್ಲ. ಬಾಬಾಸಾಹೇಬರು ನ್ಯೂಯಾರ್ಕಿನಲ್ಲಿ ಅರ್ಥಶಾಸ್ತ್ರ ಓದಿದವರು, ಅಮೆರಿಕವನ್ನು ಮೊಬೈಲಿನಲ್ಲಿ ನೋಡಿದವರಲ್ಲ. ಅವರು 1947ರಲ್ಲಿ ಮುಂದಿಟ್ಟ ಯೋಜನೆಯಲ್ಲಿ ದಾನವಿಲ್ಲ. ಭೂಮಿ ಸರ್ಕಾರದ್ದಾಗಬೇಕು, ಜಾತಿ ನೋಡದೆ ಊರಿನವರಿಗೆ ಒಟ್ಟಾಗಿ ಉಳಲು ಕೊಡಬೇಕು, ಧಣಿಯೂ ಇರಬಾರದು, ಗೇಣಿಯವನೂ ಇರಬಾರದು, ಭೂಮಿ ಇಲ್ಲದ ಕೂಲಿಯೂ ಇರಬಾರದು ಎಂದಿತ್ತು. ಎರಡು ಸಾವಿರವನ್ನು ನಾನು ಬೇಡ ಎನ್ನುವುದಿಲ್ಲ. ತಲೆಮಾರುಗಳ ಬಾಕಿ ಕೂಲಿಯಲ್ಲಿ ಅದು ಚಿಲ್ಲರೆ. ಅಮ್ಮನಿಗೂ ಹಾಗೇ ಹೇಳಿದೆ. ಅವಳು ನಂಬಿದಳೋ ಇಲ್ಲವೋ, ದಾರ ಸುತ್ತುತ್ತಾ ಸುಮ್ಮನಿದ್ದಳು.

ಬರುವ ಸೋಮವಾರ ನಾವು ಕೆಲವರು ಕಚೇರಿಗೆ ಹೋಗಿ ನಮ್ಮ ಗ್ರಾಮದ ಡಿ.ಸಿ. ಮನ್ನಾ ಜಾಗದ ಸರ್ವೆ ನಂಬರ್ ಪಟ್ಟಿಗೆ ಅರ್ಜಿ ಕೊಡುತ್ತೇವೆ. ಹಳೆ ಅಡಂಗಲ್ ಪ್ರತಿ, ಅಜ್ಜಂದಿರ ಕಾಲದ ಚೀಟಿ, ಹರಿದದ್ದಾದರೂ ಸರಿ, ಮನೆಯಲ್ಲಿದ್ದವರು ತನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಮೆಲ್ಕಾರಿನ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ.